ಕೆಟ್ಟ ಚುರುಟೂ ಕೊಂಡವನ ಧರ್ಮವೂ

ಕೊಂಡ ಸರಕು ಕೆಟ್ಟದ್ದೆಂದು ತಿಳಿದ ಬಳಿಕ ಅದನ್ನು ಅಂಗಡಿಗೆ ಹಿಂದಿರುಗಿಸುವುದು ಕೊಂಡವನ ಹಕ್ಕೆಂದು ಎಲ್ಲರೂ ಒಪ್ಪುವರು. ಅದು ಬರಿಯ ಹಕ್ಕೋ, ಕರ್ತವ್ಯವೂ ಹೌದೋ ಎಂದು ಕೇಳಿದಲ್ಲಿ ಉತ್ತರ ಅಷ್ಟು ಸುಲಭವಲ್ಲ. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಾವು ಚುರುಟನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ಪಾಠ ಹೇಳುವವರ ಬಾಯಲ್ಲಿ ಹೊಗೆಸೊಪ್ಪಿನ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಾರದು. ಹೊಗೆಸೊಪ್ಪು ದೇಹಕ್ಕೆ ಹಾನಿಕರವೆಂಬುದರಲ್ಲಿ ಎರಡು ಮಾತಿಲ್ಲ. 18 ವರ್ಷ ತುಂಬದವರಿಗೆ ಅದನ್ನು ಮಾರಬಾರದೆಂದೂ ವಿದ್ಯಾಸಂಸ್ಥೆಗಳ ಸುತ್ತ 100 ಗಜದೊಳಗೆ ಮಾರಬಾರದೆಂದೂ 2003ರ ಕಾಯಿದೆ ವಿಧಿಸಿದೆ. ಅದು ಯುಕ್ತವೇ ಆಗಿದೆ. ಆದರೂ ನಮ್ಮ ಪ್ರಶ್ನೆಯ ತೊಡಕು ಚುರುಟಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಸರಕಿನಲ್ಲಿ ಕಾಣದು.

ಆ ತೊಡಕು ಯಾವುದು? ಮಡಕೆಯ ಬಿರುಕನ್ನು ಬೆರಳಿನಿಂದ ತಟ್ಟಿ ತಿಳಿಯಬಹುದು. ಪಂಚೆಯ ಹರಕನ್ನು ಬೆಳಕಿಗೆ ಹಿಡಿದು ಕಾಣಬಹುದು. ಚುರುಟಿನ ಕೆಲವು ದೋಷಗಳೂ ಹೀಗೆಯೇ ಹೊರಗಣ್ಣಿಗೆ ಗೋಚರಿಸುತ್ತವೆ. ಹೊರಸುತ್ತಿನ ಎಲೆ ಒಣಗಿ ಸೀಳಿರಬಹುದು, ಬೂಸಲು ಹಿಡಿದಿರಬಹುದು, ಹೊಗೆಸೊಪ್ಪಿನ ಹುಳು ಕೊರೆದ ಸಣ್ಣ ತೂತುಗಳಿರಬಹುದು. ಆದರೆ ಒಳಗಿನ ಎಲೆಯನ್ನು ಅತಿಯಾಗಿ ಬಿಗಿದು ಸುತ್ತಿದ್ದರೆ, ಎಷ್ಟು ಎಳೆದರೂ ಹೊಗೆ ಬಾರದು. ಸಡಿಲವಾಗಿ ಸುತ್ತಿದ್ದರೆ ಬೇಗನೆ ಉರಿದುಹೋಗುವುದು. ಇದು ತಿಳಿಯುವುದು ಬೆಂಕಿ ಹಚ್ಚಿದ ಮೇಲೆಯೇ. ಬೆಂಕಿ ಹಚ್ಚಿದ ಚುರುಟಾದರೋ ಮತ್ತೊಬ್ಬನಿಗೆ ಮಾರಲು ಬಾರದು. ಇಲ್ಲಿ ಪರೀಕ್ಷೆಯೇ ವಸ್ತುವಿನ ನಾಶ. ಅದನ್ನು ಹಿಂದಕ್ಕೆ ತಂದವನ ಕೈಯಲ್ಲಿರುವುದು ಸುಟ್ಟ ತುಂಡೊಂದು. ಅದಕ್ಕೆ ಸಾಕ್ಷಿ ಅವನ ಮಾತೊಂದೇ.

ತಪ್ಪು ಯಾರದೆಂಬುದೂ ಒಡನೆ ತಿಳಿಯುವುದಿಲ್ಲ. ಸುತ್ತಿದವನ ಕೈ ತಪ್ಪಿರಬಹುದು. ಅಂಗಡಿಯವನು ಬಿಸಿಲು ಬೀಳುವ ಕಡೆ ಇಟ್ಟು ಒಣಗಿಸಿರಬಹುದು. ಕೊಂಡವನೇ ಮಳೆಗಾಲದಲ್ಲಿ ತೇವದ ಗೋಡೆಯ ಗೂಡಿನಲ್ಲಿಟ್ಟು ಮರೆತಿರಬಹುದು. ಎಲೆಯಲ್ಲಿ ಮೊದಲೇ ಇದ್ದ ಹುಳುವಿನ ಮೊಟ್ಟೆ ಸೆಕೆಗೆ ಒಡೆದು, ಮೂವರಿಗೂ ತಿಳಿಯದೆ ಸರಕು ಹಾಳಾಗಿರಲೂಬಹುದು.

ನಮ್ಮ ಹಿಂದಿನವರು ಈ ತೊಡಕನ್ನು ಕಾಣದವರಲ್ಲ. ಕೊಂಡ ವಸ್ತುವನ್ನು ಪರೀಕ್ಷಿಸಲು ಎಷ್ಟು ದಿನವೆಂಬುದನ್ನು ಯಾಜ್ಞವಲ್ಕ್ಯ ಸ್ಮೃತಿ ಎಣಿಸಿ ಹೇಳುತ್ತದೆ. ಕಬ್ಬಿಣಕ್ಕೆ 1 ದಿನ, ಕರೆಯುವ ಹಸುವಿಗೆ 3, ಹೊರೆಯ ಪ್ರಾಣಿಗೆ 5, ರತ್ನಕ್ಕೆ 7, ಬೀಜಕ್ಕೆ 10. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಇಲ್ಲಿ ಬೀಜದ ಗಡುವನ್ನು ಗಮನಿಸಬೇಕು. ಬೀಜದ ಗುಣ ತಿಳಿಯಬೇಕಾದರೆ ಬಿತ್ತಬೇಕು. ಬಿತ್ತಿದ ಬೀಜವನ್ನು ಹೇಗಿತ್ತೋ ಹಾಗೆ ಮರಳಿಸಲಾಗದು. ಅದೇ ಶ್ಲೋಕ ದಾಸದಾಸಿಯರನ್ನೂ ಸರಕಿನ ಸಾಲಿಗೆ ಸೇರಿಸಿದೆ ಎಂಬುದನ್ನು ಮಾತ್ರ ಮರೆಯತಕ್ಕದ್ದಲ್ಲ. ಹಿರಿಯರ ಅಳತೆಗೋಲನ್ನು ಕೈಗೆತ್ತಿಕೊಳ್ಳುವಾಗ ಅದರ ಸೊಟ್ಟನ್ನೂ ನೋಡಿಕೊಳ್ಳಬೇಕು.

ಇಂದಿನ ನ್ಯಾಯವೂ ಇದೇ ದಾರಿಯಲ್ಲಿ ನಡೆದಿದೆ. 1930ರ ಸರಕು ಮಾರಾಟ ಕಾಯಿದೆಯಂತೆ, ಕೊಳ್ಳುವವನು ಸರಕನ್ನು ನೋಡಿ ಪರೀಕ್ಷಿಸಿದ್ದಲ್ಲಿ, ಆ ಪರೀಕ್ಷೆಗೆ ಕಾಣಬೇಕಾಗಿದ್ದ ದೋಷಕ್ಕಾಗಿ ಆಮೇಲೆ ದೂರುವಂತಿಲ್ಲ. ಒಳಗೆ ಅಡಗಿದ ದೋಷದ ಮಾತು ಬೇರೆ. ಬಳಕೆದಾರರ ರಕ್ಷಣೆಗೆ 1986ರಲ್ಲಿ ಒಂದು ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರ ಕಾಯಿದೆ ನಿಂತಿದೆ. ದೋಷವುಳ್ಳ ಸರಕನ್ನು ರಶೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನದೊಳಗೆ, ಹಿಂದೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರವೆಂದು ಅದು ಹೇಳುತ್ತದೆ. ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂಬ ಫಲಕ ಗೋಡೆಯ ಮೇಲೆ ತೂಗಿದ ಮಾತ್ರಕ್ಕೆ ಈ ಹಕ್ಕು ಅಳಿಯದು.

ಹಕ್ಕಿನ ಮಾತು ಇಷ್ಟು. ಕರ್ತವ್ಯದ ಮಾತು ಕಾಯಿದೆ ನಿಂತ ಕಡೆಯಿಂದ ಮುಂದಕ್ಕಿದೆ. ಕೆಟ್ಟ ಸರಕನ್ನು ಕೊಂಡವನು ಎರಡು ಬಗೆಯಲ್ಲಿ ದಾರಿ ತಪ್ಪಬಹುದು. ‘ಹೋಗಲಿ ಬಿಡು, ನಾಲ್ಕು ಕಾಸಿನ ವಸ್ತು’ ಎಂದು ಮೂಲೆಗೆಸೆದು ಸುಮ್ಮನಿರುವುದು ಮೊದಲನೆಯದು. ಅದು ಔದಾರ್ಯದಂತೆ ತೋರುತ್ತದೆ. ಆದರೆ ಅಂಗಡಿಯವನಿಗೆ ತನ್ನ ಪೆಟ್ಟಿಗೆಯಲ್ಲಿ ಹುಳು ಬಿದ್ದಿರುವುದು ತಿಳಿಯದೆ ಹೋಗುತ್ತದೆ. ನಾಳೆ ಬರುವ ಬಡವನೊಬ್ಬನು ಅದೇ ಪೆಟ್ಟಿಗೆಯಿಂದ ಕೊಳ್ಳುತ್ತಾನೆ. ಉದಾರಿಯಾದವನು ಹಣವನ್ನು ಬಿಡಲಿ, ಸುದ್ದಿಯನ್ನು ಬಿಡಬಾರದು.

ಎರಡನೆಯದು ಸುಳ್ಳು. ಮುಕ್ಕಾಲು ಭಾಗ ಸೇದಿ ತೃಪ್ತಿಪಟ್ಟವನು ಉಳಿದ ತುಂಡನ್ನು ಹಿಡಿದು ದೂರುವುದು, ತನ್ನ ಮನೆಯ ತೇವದಲ್ಲಿ ಕೆಟ್ಟದ್ದನ್ನು ಅಂಗಡಿಯವನ ತಲೆಗೆ ಕಟ್ಟುವುದು. ಇವನು ಕದ್ದದ್ದು ಒಂದು ಚುರುಟಿನ ಬೆಲೆಯನ್ನು ಮಾತ್ರವೇ? ಮಾತೊಂದೇ ಸಾಕ್ಷಿಯಾದ ವ್ಯವಹಾರದಲ್ಲಿ ಸುಳ್ಳು ಹೇಳಿದವನು, ತನ್ನ ಹಿಂದೆ ಬರುವ ಸತ್ಯವಂತನ ಮಾತಿನ ಬೆಲೆಯನ್ನೂ ಕದಿಯುತ್ತಾನೆ. ಅಂಗಡಿಯವನಾದರೂ, ಅಲ್ಪ ಬೆಲೆಯ ವಸ್ತುವಿನಲ್ಲಿ ಒಮ್ಮೊಮ್ಮೆ ಮೋಸಹೋಗುವುದನ್ನು ಸಹಿಸಬೇಕೆಂದು ನಾವು ಹೇಳುವೆವು. ಹತ್ತು ಜನ ಸತ್ಯವಂತರನ್ನು ಕಳ್ಳರೆಂದು ಬಗೆಯುವುದಕ್ಕಿಂತ ಅದು ಸಣ್ಣ ನಷ್ಟ.

ಇನ್ನೊಂದು ಮಾತು ಉಳಿದಿದೆ. ಹಿಂದಿರುಗಿಸಿದ ಸರಕಿನ ನಷ್ಟ ಅಂಗಡಿಯಲ್ಲಿಯೇ ನಿಲ್ಲುವುದಿಲ್ಲ. ಇಳಿಜಾರಿನ ನೀರಿನಂತೆ ಕೆಳಗೆ ಕೆಳಗೆ ಹರಿಯುತ್ತದೆ. ಕಾಸರಗೋಡಿನ ಕಡೆಯ ಉಪಾಧ್ಯಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚುರುಟಿನ ಬಡ ತಂಗಿಯಾದ ಬೀಡಿಯನ್ನು ಮನೆಯ ಜಗಲಿಯಲ್ಲಿ ಕುಳಿತು ಕಟ್ಟಿದ ತಾಯಂದಿರ ಮಕ್ಕಳು ನಮ್ಮ ತರಗತಿಗಳಲ್ಲಿ ಓದಿದ್ದಾರೆ. ಕಟ್ಟಿದ್ದನ್ನು ಒಯ್ದು ಒಪ್ಪಿಸಿದಾಗ ಕಂಟ್ರಾಕ್ಟರನು ಇಷ್ಟು ಬೀಡಿ ಕೆಟ್ಟದ್ದೆಂದು ತೆಗೆದುಹಾಕಿದರೆ, ಅಷ್ಟರ ಕೂಲಿಗೆ ಸಂಚಕಾರ. ಕೊಟ್ಟ ಎಲೆಯೇ ಕೆಟ್ಟದ್ದಾಗಿದ್ದರೆ ಕಟ್ಟಿದವಳ ತಪ್ಪೇನು? ಈ ಜಗಳ ಎಷ್ಟು ಸಾಮಾನ್ಯವಾಗಿತ್ತೆಂದರೆ, 1966ರಲ್ಲಿ ಬಂದ ಬೀಡಿ ಮತ್ತು ಚುರುಟು ಕೆಲಸಗಾರರ ಕಾಯಿದೆಯು ಕಚ್ಚಾ ಸಾಮಗ್ರಿ ಕೊಡುವುದು, ಕೆಟ್ಟದ್ದೆಂದು ತಿರಸ್ಕರಿಸುವುದು, ತಿರಸ್ಕರಿಸಿದ್ದಕ್ಕೆ ಕೂಲಿ ಕೊಡುವುದು, ಈ ಮೂರು ವಿವಾದಗಳನ್ನು ಹೆಸರಿಸಿ, ಅವುಗಳ ತೀರ್ಮಾನಕ್ಕೆ ಅಧಿಕಾರಿಯನ್ನು ಗೊತ್ತುಮಾಡುವ ಕೆಲಸವನ್ನು ರಾಜ್ಯ ಸರಕಾರಗಳಿಗೆ ವಹಿಸಿತ್ತು.

ಆದಕಾರಣ ಕೆಟ್ಟ ಸರಕನ್ನು ಹಿಂದಿರುಗಿಸುವುದು ಕರ್ತವ್ಯವೇ ಹೌದೆಂದು ನಮ್ಮ ಅಭಿಪ್ರಾಯ. ಆದರೆ ಕಂಡದ್ದನ್ನು ಕಂಡಷ್ಟೇ ಹೇಳಬೇಕು. ತನ್ನ ಪಾಲಿನ ಅಜಾಗ್ರತೆ ಇದ್ದರೆ ಅದನ್ನೂ ಹೇಳಬೇಕು. ತಪ್ಪು ಮಾಡಿದ ಕೈಯನ್ನು ಬಿಟ್ಟು ಕೊನೆಯ ಕೈಗೆ ದಂಡ ಬೀಳದಂತೆ ಮಾರುವವನೂ ಮಾಡಿಸುವವನೂ ನೋಡಿಕೊಳ್ಳಬೇಕು. ಉಪಾಧ್ಯಾಯ ಮಿತ್ರರು ಇದಕ್ಕಾಗಿ ಬೇರೆ ನೀತಿಪಾಠವನ್ನು ಹುಡುಕಬೇಕಾಗಿಲ್ಲ. ಲಾಭನಷ್ಟದ ಲೆಕ್ಕ ಪ್ರತಿವರ್ಷವೂ ಬರುತ್ತದೆ. ಸಾವಿರ ಬೀಡಿಗಳಲ್ಲಿ ಐವತ್ತು ತಿರಸ್ಕೃತವಾದರೆ ನಷ್ಟವೆಷ್ಟೆಂದು ಕೇಳಿ, ಮಕ್ಕಳು ಹಲಗೆಯ ಮೇಲೆ ಉತ್ತರ ಬರೆದ ಬಳಿಕ, ಆ ನಷ್ಟ ಯಾರಿಗೆ ಎಂದು ಮತ್ತೊಂದು ಪ್ರಶ್ನೆಯನ್ನು ಕೇಳಿ ನೋಡಬಹುದು.