ಚಿಂದಿಯ ಅಂಗಿ

ಯಾಕೋಬನು ತನ್ನ ಮಗನಾದ ಯೋಸೇಫನಿಗೆ ಕೊಟ್ಟ ಬಣ್ಣಬಣ್ಣದ ಅಂಗಿಯ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಅಮೆರಿಕ ದೇಶದ ಒಬ್ಬ ಬಡ ತಾಯಿಯು ಅದನ್ನೇ ತನ್ನ ಮಗಳಿಗೆ ಹೇಳಿದಳು. ಅದರಿಂದ ಬಂದ ಫಲವು ಎಂಥದೆಂದು ಆಲೋಚಿಸೋಣ.

ಟೆನೆಸಿ ಸೀಮೆಯ ಬೆಟ್ಟಗಳ ನಡುವೆ, ಒಂದೇ ಕೋಣೆಯ ಮನೆಯಲ್ಲಿ, 1946ನೆಯ ಇಸವಿ ಜನವರಿ 19ರಂದು ಡಾಲಿ ಪಾರ್ಟನ್ ಎಂಬಾಕೆಯು ಹುಟ್ಟಿದಳು. ಹೆರಿಗೆಗೆ ಬಂದ ಮಿಶನ್ ವೈದ್ಯನಿಗೆ ಕೊಡಲು ಹಣವಿಲ್ಲದೆ ತಂದೆಯು ಒಂದು ಚೀಲ ಮೆಕ್ಕೆಜೋಳದ ಹಿಟ್ಟನ್ನು ಕೊಟ್ಟನು. ಆ ಮನೆಯ 12 ಮಕ್ಕಳಲ್ಲಿ ಈಕೆಯು ನಾಲ್ಕನೆಯವಳು. ತಂದೆಯು ದುಡಿಮೆಗಾರನು, ಆದರೆ ಓದುಬರಹವನ್ನು ಅರಿಯದವನು. ತಾಯಿಯ ತಂದೆಯು ಬೋಧಕನಾಗಿದ್ದನು. ಆತನ ಸಭೆಯಲ್ಲಿಯೇ ಹುಡುಗಿಯು ಹಾಡತೊಡಗಿದಳು.

ಒಮ್ಮೆ ಆಕೆಗೆ ಚಳಿಗೆ ಅಂಗಿಯಿಲ್ಲದಿರಲು, ತಾಯಿಯು ಚಿಂದಿಗಳನ್ನು ಕೂಡಿಸಿ ಹೊಲಿಯುತ್ತಾ ಯೋಸೇಫನ ಕಥೆಯನ್ನು ಹೇಳಿದಳು. ಮಗಳು ಅದನ್ನು ತೊಟ್ಟು ಸಂತೋಷದಿಂದ ಶಾಲೆಗೆ ಹೋದಾಗ ಜೊತೆಯ ಮಕ್ಕಳು ನಕ್ಕು ಪರಿಹಾಸ್ಯಮಾಡಿದರು.

ಆಕೆಯು 1964ರಲ್ಲಿ ಶಾಲೆಯನ್ನು ಮುಗಿಸಿದ ಮರುದಿನವೇ ನ್ಯಾಶ್‌ವಿಲ್ ಪಟ್ಟಣಕ್ಕೆ ಹೋಗಿ, ಕಂಟ್ರಿ ಎಂದು ಕರೆಯಲ್ಪಡುವ ನಾಡಸಂಗೀತದಲ್ಲಿ ಪ್ರಖ್ಯಾತಳಾದಳು. ಹೀಗೆ ಏರಿದ ಮೇಲೆ ಚಿಂದಿಯ ಅಂಗಿಯನ್ನು ಮರೆಮಾಡಿದಳೋ? ಇಲ್ಲ, 1971ರಲ್ಲಿ ಅದನ್ನೇ ಹಾಡಾಗಿ ಮಾಡಿ ಲೋಕದ ಮುಂದೆ ಹಾಡಿದಳು. ತಂದೆಯ ಅಕ್ಷರಹೀನತೆಗೂ ನಾಚದೆ, ಅದನ್ನು ನೆನೆದು 1995ರಲ್ಲಿ ತನ್ನ ಜಿಲ್ಲೆಯ ಎಳೆಯ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕವನ್ನು ಉಚಿತವಾಗಿ ಕಳುಹಿಸತೊಡಗಿದಳು. ಆ ಕಾರ್ಯವು ಬೇರೆ ದೇಶಗಳಿಗೂ ಹಬ್ಬಿ, 2018ರೊಳಗೆ ಕೊಟ್ಟ ಪುಸ್ತಕಗಳು 10 ಕೋಟಿಗೆ ಮುಟ್ಟಿದವು.

ಪ್ರಿಯರೇ, ಯೋಸೇಫನ ಅಂಗಿಯನ್ನು ಅಣ್ಣಂದಿರು ಕಿತ್ತುಕೊಂಡರು. ಆದರೂ ದೇವರು ಅವನ ಸಂಗಡ ಇದ್ದನು. ಐಗುಪ್ತದಲ್ಲಿ ಅವನು ಏರಿದ್ದು ನಾರುಮಡಿಯನ್ನು ಉಡುವದಕ್ಕಾಗಿ ಮಾತ್ರವಲ್ಲ, ಹಸಿದವರಿಗೆ ಕಣಜವನ್ನು ತೆರೆಯುವದಕ್ಕಾಗಿಯೇ. ಹಾಡುವ ಮಕ್ಕಳೆಲ್ಲರೂ ಪ್ರಖ್ಯಾತರಾಗುವದಿಲ್ಲ, ಬಡವರೆಲ್ಲರೂ ಧನಿಕರಾಗುವದಿಲ್ಲ. ಆದರೆ ತೇಪೆಯ ಬಟ್ಟೆಯಲ್ಲಿ ತಾಯಿಯ ಪ್ರೀತಿಯನ್ನು ಕಾಣುವದು ಎಲ್ಲರಿಂದಲೂ ಆಗುವದು.

ಆದಕಾರಣ ತಾಯಂದಿರೇ, ಒಳ್ಳೆಯ ಬಟ್ಟೆಯಿಲ್ಲವೆಂದು ಮಗುವನ್ನು ಶಾಲೆಗೂ ಆರಾಧನೆಗೂ ಕಳುಹಿಸದೆ ಮನೆಯಲ್ಲಿ ಇರಿಸಿಕೊಳ್ಳಬೇಡಿರಿ. ಮಕ್ಕಳೇ, ಹರಕು ಬಟ್ಟೆಯವನನ್ನು ನೋಡಿ ನಗಬೇಡಿರಿ. ಆ ನಗೆಯು ಎಳೆಯ ಹೃದಯದಲ್ಲಿ ಮುಳ್ಳಿನಂತೆ ಬಹುಕಾಲ ಉಳಿಯುವದು. ಸ್ವಲ್ಪವಾದರೂ ಮೇಲಕ್ಕೆ ಬಂದವರೇ, ನೀವು ಹತ್ತಿದ ಮೆಟ್ಟಲನ್ನು ಹಿಂದಿನವರಿಗಾಗಿ ಉಳಿಸಿರಿ. ಅನಾಥರನ್ನೂ ದರಿದ್ರರನ್ನೂ ಮರೆಯದ ಕರ್ತನು ನಮಗೆ ಇಂಥ ಮನಸ್ಸನ್ನು ಅನುಗ್ರಹಿಸಲಿ. ಆಮೆನ್.