ಯಾವೂರು ಎಂದು ಕೇಳುವ ಮೊದಲು

ದೀಪಾವಳಿ ದಾಟಿತೆಂದರೆ ಸಿರವಾರ, ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಕೀಲಿ ಬಿದ್ದ ಮನೆಗಳು ಕಾಣತೊಡಗುತ್ತವೆ. ವಿಚಾರಿಸಿದರೆ ಪಕ್ಕದ ಕಟ್ಟೆಯ ಮೇಲಿನ ಮುದುಕಿ, "ಬೆಂಗ್ಳೂರಿಗೆ ದುಡಿಯಾಕ ಹೋಗ್ಯಾರ್ರಿ" ಅನ್ನುತ್ತಾಳೆ. ಕಾಲುವೆ ಇಲ್ಲದ ನಾಡೇನಲ್ಲ ಇದು. ತುಂಗಭದ್ರಾ ಎಡದಂಡೆ ಕಾಲುವೆ ಈ ಕಡೆಗೂ ಬಂದಿದೆ. ಆದರೆ ಮೇಲ್ಭಾಗದ ಭತ್ತದ ಗದ್ದೆಗಳು ಕುಡಿದು ಮಿಕ್ಕ ನೀರು ತಾನೆ ಇಲ್ಲಿಗೆ ಬರಬೇಕು? ಬಾರದ ವರ್ಷ ಜೋಳದ ಹಿಟ್ಟಿನ ಗಂಟಿನ ಜೊತೆ ಮಕ್ಕಳೂ ರಾತ್ರಿ ಬಸ್ಸು ಹತ್ತುತ್ತಾರೆ. ಗುಳೆ ಹೋದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ, ಮಗು ಮಾತ್ರ ಇರುವುದಿಲ್ಲ.

ವಿಚಿತ್ರವೆಂದರೆ, ತನ್ನವರನ್ನು ಹಿಡಿದಿಟ್ಟುಕೊಳ್ಳಲಾರದ ಈ ರಾಯಚೂರು ಜಿಲ್ಲೆ ದೂರದವರಿಗೆ ನೆಲೆ ಕೊಟ್ಟಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. 1970ರ ಸುಮಾರಿಗೆ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ನೆರೆಯ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟಿತು. ಬರ್ಮಾದಿಂದ ಬಂದವರಿಗೂ ಅಲ್ಲೇ ಜಾಗವಾಯಿತು. ಆ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಇಂದಿಗೂ ದುರ್ಗಾಪೂಜೆ ನಡೆಯುತ್ತದೆ. ಮನೆಯಲ್ಲಿ ಬಂಗಾಳಿ ಆಡುವ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತು ಬೆಳೆದಿದ್ದಾರೆ.

ಹಾಗೆಂದು ನಮ್ಮ ಔದಾರ್ಯಕ್ಕೆ ನಾವೇ ಬೆನ್ನು ತಟ್ಟಿಕೊಳ್ಳುವುದು ಬೇಡ. ಆ ಕ್ಯಾಂಪುಗಳ ಬಹುಪಾಲು ಜನ ನಾಮಶೂದ್ರರು. ಪಶ್ಚಿಮ ಬಂಗಾಳದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಆ ಹೆಸರಿದೆ, ಕರ್ನಾಟಕದ ಪಟ್ಟಿಯಲ್ಲಿಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಓದಿದ ಹುಡುಗಿ ಕಾಲೇಜಿನ ಅರ್ಜಿ ತುಂಬುವಾಗ ಜಾತಿಯ ಕಾಲಂ ಹತ್ತಿರ ಪೆನ್ನು ನಿಲ್ಲಿಸಬೇಕು. ಕ್ಯಾಂಪಿನ ಕೆಲವರ ಕೈಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿದ್ದು 2024ರಲ್ಲಿ. ಅಷ್ಟರಲ್ಲಿ ಅರ್ಧ ಶತಮಾನವೇ ಕಳೆದಿತ್ತು.

ನಿರಾಶ್ರಿತ ಎನ್ನುವವನನ್ನು ನಾವು ಬೇರೆ ಜಾತಿಯ ಮನುಷ್ಯನಂತೆ ನೋಡುತ್ತೇವೆ. ನಮ್ಮ ಅಜ್ಜ-ಅಜ್ಜಿಯರ ಕಾಲ ಅಷ್ಟು ಬೇಗ ಮರೆತುಹೋಯಿತೆ? 1947–48ರಲ್ಲಿ ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿಗೆ ಹೆದರಿ ನಿಜಾಮ ಸೀಮೆಯ ಎಷ್ಟೋ ಕುಟುಂಬಗಳು ಗಡಿ ದಾಟಿ ಓಡಿದ್ದವು. ಆಚೆಯವರು ಅನ್ನ ಹಾಕಿದರು, ಪಡಸಾಲೆ ಬಿಟ್ಟುಕೊಟ್ಟರು.

ಇನ್ನೂ ಹತ್ತಿರದ ಮಾತು ಬೇಕಿದ್ದರೆ 2020ರ ಜನವರಿಯನ್ನು ನೆನೆಯೋಣ. ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶಿಗಳು ಎಂಬುದು ಆರೋಪ. ಬಯಲಿಗೆ ಬಿದ್ದವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೊನೆಗೆ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ತಗಡಿನ ಶೆಡ್ಡಿನಲ್ಲಿದ್ದರೆ ಸಾಕು, ರೊಟ್ಟಿ ಬಡಿಯುವವನೂ ಪರದೇಶಿಯೇ! ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ನಮ್ಮ ಗುಳೆಯ ಜನ ಹೆಂಡಿರು ಮಕ್ಕಳ ಸಮೇತ ರಾಯಚೂರಿನ ದಾರಿ ಹಿಡಿದು ನಡೆದರು.

ಮನುಷ್ಯನ ಊರನ್ನು ಬಟ್ಟೆ, ಬಿಡಾರ, ಮಾತಿನ ಧಾಟಿಯಿಂದ ತೀರ್ಮಾನಿಸುವುದು ಅನ್ಯಾಯ. ಸಿಂಧನೂರಿನ ಕ್ಯಾಂಪಿನಲ್ಲೂ ಅನ್ಯಾಯ, ಬೆಳ್ಳಂದೂರಿನಲ್ಲೂ ಅನ್ಯಾಯ. ಅಲ್ಲಿ ನಮ್ಮವರಿಗಾದದ್ದಕ್ಕೆ ಸಿಟ್ಟಾಗುವವರು ಇಲ್ಲಿ "ಅವರು ಕ್ಯಾಂಪಿನೋರು ಬಿಡ್ರಿ" ಎಂದು ಮಾತು ಮುಗಿಸುವಂತಿಲ್ಲ.

ದೊಡ್ಡವರ ಪಟ್ಟಿ, ಪತ್ರಗಳು ಯಾವಾಗ ಸರಿಹೋಗುತ್ತವೋ, ಮಕ್ಕಳು ಅಲ್ಲಿಯವರೆಗೆ ಕಾಯಲಾರರು. ವರ್ಷದ ನಡುವೆ ಗುಳೆಯ ಮಗುವೊಂದು ಶಾಲೆಯ ಬಾಗಿಲಿಗೆ ಬಂದರೆ ಮೇಷ್ಟ್ರು ಮೊದಲು ಹೆಸರು ಬರೆದುಕೊಳ್ಳಲಿ. ವರ್ಗಾವಣೆ ಪತ್ರ ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ.