ಸಾಸಿವೆ ಕಾಳಿನಷ್ಟು

ಹೆಬ್ಬಾಳದ ಫ್ಲೈಓವರ್ ಹತ್ತಿರ ಬಸ್ಸು ನಿಂತು ಇಪ್ಪತ್ತು ನಿಮಿಷವಾಗಿತ್ತು. ಪಕ್ಕದಲ್ಲಿದ್ದ ನಾದಿನಿಯ ಮೊಬೈಲು ಸದ್ದು ಮಾಡಿತು. ಲ್ಯಾಬಿನವರು ವಾಟ್ಸ್ಯಾಪಿನಲ್ಲಿ ರಿಪೋರ್ಟು ಕಳಿಸಿದ್ದರು. ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡಿದಳು. ಮುಖ ಸಣ್ಣಗಾಯಿತು.

"ಅತ್ತಿಗೆ, ನೆಗೆಟಿವ್ ಬಂದಿದೆ."

"ಒಳ್ಳೇದಾಯ್ತಲ್ಲ!"

"ನೆಗೆಟಿವ್ ಅಂತ ಇದೆಯಲ್ಲ ಅತ್ತಿಗೆ, ಅದ್ಹೆಂಗೆ ಒಳ್ಳೇದು?"

ಅವಳನ್ನು ನೋಡಿ ನಗುವಂತಿರಲಿಲ್ಲ. ಅವಳ ರಕ್ತದ ಗುಂಪು ನೆಗೆಟಿವ್. ಎರಡು ಬಾಣಂತನದಲ್ಲೂ ಅದೇ ಕಾರಣಕ್ಕೆ ಇಂಜೆಕ್ಷನ್‌ಗಾಗಿ ಅಣ್ಣ-ತಮ್ಮಂದಿರು ಓಡಾಡಿದ್ದನ್ನು ನೋಡಿದವಳು. ಅವಳ ಪಾಲಿಗೆ ಆ ಪದದ ಅರ್ಥವೇ ಪರದಾಟ. ಗರ್ಭಕಂಠದ ಪರೀಕ್ಷೆಯಲ್ಲಿ ಮಾತ್ರ ಅದು ತಲೆಕೆಳಗು: ಇಲ್ಲಿ 'ಇಲ್ಲ' ಅನ್ನುವುದೇ ಸಿಹಿಸುದ್ದಿ. ಕ್ಯಾನ್ಸರೂ ಇಲ್ಲ, ಅದಕ್ಕೆ ಮುಂಚಿನ ಬದಲಾವಣೆಯೂ ಇಲ್ಲ ಅನ್ನುವುದನ್ನು ಅವರು ಆರು ಇಂಗ್ಲಿಷ್ ಪದಗಳಲ್ಲಿ ಬರೆದಿದ್ದರು, ಅಷ್ಟೆ. ಬಿಡಿಸಿ ಹೇಳಿದ ಮೇಲೆ ಅವಳು ಬ್ಯಾಗಿನಿಂದ ಕಡಲೆಕಾಯಿ ತೆಗೆದಳು.

ಎಸ್ಟೀಮ್ ಮಾಲ್ ದಾಟುವಷ್ಟರಲ್ಲಿ ನನ್ನದೂ ಬಂತು. ನನ್ನದರಲ್ಲಿ ನೆಗೆಟಿವೂ ಇರಲಿಲ್ಲ, ಪಾಸಿಟಿವೂ ಇರಲಿಲ್ಲ. 'ಆಸ್ಕಸ್' ಅಂತಿತ್ತು. ಆ ಸಂಕ್ಷೇಪವನ್ನು ಬಿಡಿಸಿದರೆ ಹೀಗೆ: ಕೆಲವು ಕೋಶಗಳು ಮಾಮೂಲಿನಂತೆ ಕಾಣುತ್ತಿಲ್ಲ, ಅದಕ್ಕೆ ಏನರ್ಥ ಅಂತ ತೀರ್ಮಾನಿಸಲು ಆಗುತ್ತಿಲ್ಲ.

ಮೊದಲು ಹೆದರಿಕೆಯಾಯಿತು. ಆಮೇಲೆ, ಯಲಹಂಕ ಬರುವಷ್ಟರಲ್ಲಿ, ಸಣ್ಣದೊಂದು ಬೆರಗೂ ಹುಟ್ಟಿತ್ತು. ಗೊತ್ತಿಲ್ಲ ಅನ್ನುವುದಕ್ಕೆ ಒಂದು ಹೆಸರು ಕೊಟ್ಟು, ಅಚ್ಚು ಹಾಕಿಸಿ, ಡಾಕ್ಟರು ಸಹಿ ಹಾಕಿ ಕಳಿಸುತ್ತಾರಲ್ಲ! ನಾನು ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಕಡತ ನೋಡಿದವಳು. ನಮ್ಮಲ್ಲಿ 'ಗೊತ್ತಾಗಲಿಲ್ಲ' ಅಂತ ಟಿಪ್ಪಣಿ ಬರೆದವರನ್ನು ಕಂಡಿಲ್ಲ. ಪರಿಶೀಲನೆಯಲ್ಲಿದೆ, ಮಂಡಿಸಿದೆ ಅಂತ ಏನೋ ಒಂದು ಬರೆದು ಸಾಗಹಾಕುತ್ತೇವೆ. 1988ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ತಜ್ಞರು ಸೇರಿ ಈ ರಿಪೋರ್ಟಿಗೆ ಒಂದೇ ಭಾಷೆ ಇರಲಿ ಅಂತ ಕೂತಾಗ, ಸಂಶಯಕ್ಕೂ ಒಂದು ಸಾಲು ಬಿಟ್ಟರು. ಅದಕ್ಕೂ ಮೊದಲು ಒಂದೇ ಸ್ಲೈಡಿಗೆ ಒಬ್ಬೊಬ್ಬರು ಒಂದೊಂದು ಹೆಸರು ಬರೆಯುತ್ತಿದ್ದರಂತೆ.

ಸ್ಲೈಡು ಹೇಗಿರುತ್ತದೆ ಅಂತ ನೋಡುವ ಆಸೆ ಆಗ ಹುಟ್ಟಿದ್ದು. ಕೇಳಿದೆ. ಪ್ಯಾಥಾಲಜಿ ಡಾಕ್ಟರು ನಮ್ಮಮ್ಮನ ವಯಸ್ಸಿನವರು. ಇಂಥ ಕೋರಿಕೆ ಹೊಸದೇನೋ ಎಂಬಂತೆ ಒಂದು ಕ್ಷಣ ನೋಡಿ, "ಬಾಮ್ಮ ಕೂತ್ಕೋ" ಅಂದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಗುಲಾಬಿ, ತಿಳಿಹಸಿರು, ನೀಲಿ. ನೀರುದೋಸೆ ತೆಳ್ಳಗೆ ಹರಡಿಕೊಂಡಿದ್ದು, ಒಂದೊಂದರ ನಡುವೆಯೂ ಒಂದೊಂದು ಸಾಸಿವೆ ಕಾಳು ಬಿದ್ದ ಹಾಗಿತ್ತು. ಆ ಕಾಳೇ ಕೋಶಕೇಂದ್ರ. ತಳದ ಪದರದಲ್ಲಿ ಹುಟ್ಟುವಾಗ ಕೋಶ ಪುಟ್ಟದು, ಕಾಳು ದೊಡ್ಡದು. ಮೇಲೆ ಮೇಲೆ ಬರುತ್ತಾ ಕೋಶ ಅಗಲವಾಗುತ್ತದೆ, ಕಾಳು ಸೊರಗುತ್ತದೆ, ಕೊನೆಗೆ ಕೋಶವೇ ಉದುರಿಹೋಗುತ್ತದೆ. ನೀಲಿಹಸಿರು ಇನ್ನೂ ಮಾಗಬೇಕಾದ್ದು, ಗುಲಾಬಿ ಮಾಗಿದ್ದು. ಗರ್ಭಕೋಶದ ಬಾಯಿಯಲ್ಲಿ ಈ ಬೆಳೆ ಬರುತ್ತಲೇ ಇರುತ್ತದೆ, ಉದುರುತ್ತಲೇ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಡಾಕ್ಟರು ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿ, "ಈಗ ನೋಡು" ಅಂದರು. ಇಲ್ಲಿ ಎರಡು ಮೂರು ಕೋಶಗಳ ಕಾಳು ಊದಿತ್ತು. ಸಾಸಿವೆಯಲ್ಲ, ಹೆಸರುಕಾಳು. ಒಂದರಲ್ಲಿ ಕಾಳಿನ ಸುತ್ತ ತಿಳಿಯಾದ ಖಾಲಿ ಜಾಗ, ಅದರಾಚೆ ಗಟ್ಟಿ ಅಂಚು. ನನಗೆ ಕಂಡದ್ದು ಹೆಬ್ಬಾಳ ಕೆರೆ, ನಡುವೆ ಹಕ್ಕಿ ಕೂರುವ ನಡುಗಡ್ಡೆ. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಅನ್ನುವ ವೈರಸ್ಸು ಸೇರಿಕೊಂಡ ಕೋಶ ಹೀಗೆ ಟೊಳ್ಳಾಗಿ ಕಾಣುತ್ತದಂತೆ. ಅದಕ್ಕಿರುವ ಹೆಸರಿನ ಗ್ರೀಕ್ ಮೂಲಕ್ಕೂ ಟೊಳ್ಳು ಅಂತಲೇ ಅರ್ಥ. "ಹಾಗಾದ್ರೆ ಇದು ಅದೇನಾ?" ಅಂದೆ. "ಇರಬಹುದು, ಇಲ್ಲದಿರಬಹುದು. ಉರಿಯೂತ ಇದ್ರೂ ಒಂದೊಂದು ಸಲ ಹೀಗೆ ಕಾಣುತ್ತೆ. ಅದಕ್ಕೇ ಆಸ್ಕಸ್ ಅಂತ ಬರೆದದ್ದು. ಎಚ್‌ಪಿವಿ ಪರೀಕ್ಷೆ ಮಾಡಿಸ್ಕೋ."

ಈ ಬಣ್ಣಗಾರಿಕೆಯ ಹಿಂದೆ ಒಬ್ಬ ಹೆಂಡತಿ ಇದ್ದಾಳೆ. ಜಾರ್ಜ್ ಪಾಪನಿಕೊಲಾವ್ ಗ್ರೀಸಿನಿಂದ ನ್ಯೂಯಾರ್ಕಿಗೆ ಹೋದವನು. ಗಿನಿಯಿಲಿಗಳ ಋತುಚಕ್ರ ಅಭ್ಯಾಸ ಮಾಡುತ್ತಾ, ಉದುರಿದ ಕೋಶ ನೋಡಿಯೇ ಒಳಗಿನ ಸಮಾಚಾರ ಹೇಳಬಹುದು ಅಂತ ಕಂಡುಕೊಂಡ. ಮನುಷ್ಯರ ಮೇಲೆ ನೋಡಬೇಕಾಗಿ ಬಂದಾಗ ಮಡದಿ ಮೇರಿ ಮಾದರಿ ಕೊಟ್ಟಳು, ಒಂದೆರಡು ದಿನವಲ್ಲ, 21 ವರ್ಷ. 1928ರಲ್ಲಿ ಅವನು ಈ ವಿಧಾನದಿಂದ ಕ್ಯಾನ್ಸರ್ ಪತ್ತೆ ಮಾಡಬಹುದು ಅಂದಾಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. 1943ರಲ್ಲಿ ಸ್ತ್ರೀರೋಗತಜ್ಞ ಟ್ರಾಟ್ ಜೊತೆ ಬರೆದ ಪುಸ್ತಕ ಬಂದ ಮೇಲೆಯೇ ಜಗತ್ತು ಕಿವಿಗೊಟ್ಟದ್ದು. ಈ ಪರೀಕ್ಷೆಯನ್ನು ಪ್ಯಾಪ್ ಟೆಸ್ಟ್ ಅನ್ನುವಾಗ ನಾವು ಕರೆಯುವುದು ಅವನ ಹೆಸರಿನ ಮೊದಲ ತುಂಡನ್ನು. ಮೇರಿಯ ಹೆಸರಿನ ತುಂಡು ಎಲ್ಲೂ ಇಲ್ಲ. ಇಪ್ಪತ್ತೊಂದು ವರ್ಷ! ನಾನಾಗಿದ್ದರೆ ಎರಡನೇ ವಾರಕ್ಕೇ ತವರಿಗೆ ಹೊರಟುಬಿಡುತ್ತಿದ್ದೆನೇನೋ.

ಎಚ್‌ಪಿವಿ ರಿಪೋರ್ಟು ಇನ್ನೊಂದು ಥರ. ಅಲ್ಲಿ ಆಕಾರ ನೋಡುವುದಿಲ್ಲ, ವೈರಸ್ಸಿನ ಡಿಎನ್‌ಎ ಇದೆಯೇ ಅಂತ ಹುಡುಕುತ್ತಾರೆ. ಮೂರು ಸಾಲು: ವೈರಸ್ಸಿನ 16ನೇ ಬಗೆ, 18ನೇ ಬಗೆ, ಉಳಿದವು. ನನಗೆ 16 ಇಲ್ಲ, ಉಳಿದವೂ ಇಲ್ಲ. 18 ಇದೆ.

ಮನೆಯಲ್ಲಿ ಹೇಗೆ ಹೇಳುವುದು ಅನ್ನುವುದೇ ಮೊದಲ ಯೋಚನೆಯಾಯಿತು. ಲೈಂಗಿಕ ಸಂಪರ್ಕದಿಂದ ಬರುವ ವೈರಸ್ಸು ಅಂದಕೂಡಲೇ ಒಂದೋ ಗಂಡನ ಮೇಲೆ ಅನುಮಾನ, ಇಲ್ಲವೇ ನನ್ನ ಮೇಲೆ. ಎಷ್ಟು ಹೆಂಗಸರು ಇದೊಂದಕ್ಕೇ ರಿಪೋರ್ಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾರೋ. ನಿಜ ಏನೆಂದರೆ ಸಂಸಾರ ಮಾಡಿದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಈ ವೈರಸ್ಸಿನ ಯಾವುದಾದರೊಂದು ಬಗೆ ಜೀವಮಾನದಲ್ಲಿ ಒಮ್ಮೆ ತಗಲಿಯೇ ಇರುತ್ತದೆ. ಯಾವತ್ತೋ ಬಂದದ್ದು ವರ್ಷಗಟ್ಟಲೆ ತೆಪ್ಪಗಿದ್ದು ಈಗ ಕಾಣಿಸಬಹುದು. ಯಾರಿಂದ, ಯಾವಾಗ ಅಂತ ಯಾವ ಪರೀಕ್ಷೆಯೂ ಹೇಳಲಾರದು. ಹೇಳಲಾರದ್ದನ್ನು ನಾವು ಊಹಿಸಿ ಜಗಳ ಆಡುವುದು ಬೇರೆ ಮಾತು.

ಇದಕ್ಕಿಂತ ದೊಡ್ಡ ಸೋಜಿಗ ಮುಂದಿದೆ. ಬಂದ ವೈರಸ್ಸನ್ನು ಹತ್ತರಲ್ಲಿ ಒಂಬತ್ತು ಸಲ ಮೈ ತಾನೇ ಒಂದೆರಡು ವರ್ಷದಲ್ಲಿ ಅಡಗಿಸಿಬಿಡುತ್ತದೆ. ಔಷಧಿಯಿಲ್ಲ, ಪಥ್ಯವಿಲ್ಲ. ಉಳಿದುಕೊಂಡದ್ದೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಅಂದರೆ ರೋಗ ಬಾಗಿಲು ಬಡಿದು, ಹೊರಗೆ ಜಗಲಿಯ ಮೇಲೆ ಕೂತು, ಒಂದು ದಶಕಕ್ಕೂ ಹೆಚ್ಚು ಕಾಯುತ್ತದೆ. ಇಷ್ಟು ಬಿಡುವು ಕೊಡುವ ಕ್ಯಾನ್ಸರ್ ಇನ್ನೊಂದಿದೆಯೇ ಅಂತ ನನಗೆ ಅನುಮಾನ. ಅಂಥದ್ದರಲ್ಲೂ ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಇದು ಬರುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ನಾನೂ ಹೋದದ್ದು ನಲವತ್ತೇಳಕ್ಕೆ, ಅದೂ ನಾದಿನಿಗೆ ಬಿಳಿಸೆರಗು ಹೆಚ್ಚಾಗಿದೆ ಅಂತ ಜೊತೆಗೆ ಹೋದವಳು, ಬಂದದ್ದಕ್ಕೆ ನನ್ನದೂ ಆಗಲಿ ಅಂತ.

18 ಇದೆ ಅಂದಮೇಲೆ ಕಾಲ್ಪೋಸ್ಕೊಪಿ. ಹೆಸರು ಕೇಳಿ ಆಪರೇಷನ್ ಅಂದುಕೊಂಡಿದ್ದೆ. ದೂರದಿಂದ ಭೂತಗನ್ನಡಿ ಹಿಡಿದು ನೋಡುವುದಷ್ಟೆ. ಎದುರಿಗಿದ್ದ ಪರದೆಯಲ್ಲಿ ನನಗೂ ಕಾಣುತ್ತಿತ್ತು: ಒದ್ದೆಯಾದ, ನಸುಗೆಂಪಿನ ಒಂದು ಗುಂಡನೆಯ ದಿಬ್ಬ, ನಡುವೆ ಚಿಕ್ಕ ಸಂದು. ಮಗಳು ಇಲ್ಲಿಂದ ಬಂದಳಾ! ಡಾಕ್ಟರು ಹತ್ತಿಯಲ್ಲಿ ಏನೋ ಅದ್ದಿದರು. ಉಪ್ಪಿನಕಾಯಿ ವಾಸನೆ ಬಂತು. "ವಿನೆಗರ್ ಥರದ್ದೇ" ಅಂದರು. ಅಸಿಟಿಕ್ ಆಮ್ಲ, ನೂರಕ್ಕೆ ಮೂರರಿಂದ ಐದು ಪಾಲು. ಹಚ್ಚಿ ಸುಮ್ಮನೆ ಕಾದರು. ಒಂದು ನಿಮಿಷದೊಳಗೆ ಹನ್ನೊಂದು ಗಂಟೆಯ ದಿಕ್ಕಿನಲ್ಲಿ, ಗಾಜಿನ ಮೇಲೆ ಉಸಿರು ಬಿಟ್ಟಂತೆ, ತೆಳುವಾಗಿ ಬೆಳ್ಳಗಾಯಿತು. ಕಾಳು ದೊಡ್ಡದಾದ ಕೋಶಗಳು ಒತ್ತೊತ್ತಾಗಿ ನಿಂತಲ್ಲಿ ಹೀಗೆ ಬಿಳಿ ಏಳುತ್ತದೆ. ಕೆಲವು ನಿಮಿಷಕ್ಕೆ ಅದು ಮತ್ತೆ ಮಾಸುತ್ತದೆ. ಆಮೇಲೆ ಅಯೋಡಿನ್. ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ಬಿಟ್ಟು ಪಿಷ್ಟ ಕಂಡುಹಿಡಿದೆವಲ್ಲ, ಅದೇ. ಆರೋಗ್ಯವಂತ ಕೋಶದಲ್ಲಿ ಪಿಷ್ಟದ ನೆಂಟನಾದ ಗ್ಲೈಕೋಜೆನ್ ತುಂಬಿರುವುದರಿಂದ ಅದು ಕಂದಾಗುತ್ತದೆ; ಬದಲಾದ ಕೋಶದಲ್ಲಿ ದಾಸ್ತಾನು ಮುಗಿದಿರುತ್ತದೆ, ಹಳದಿಯಾಗಿಯೇ ಉಳಿಯುತ್ತದೆ.

ಈ ವಿನೆಗರ್ ಪರೀಕ್ಷೆಯನ್ನು ಭೂತಗನ್ನಡಿಯಿಲ್ಲದೆ ಬರಿಗಣ್ಣಲ್ಲೇ ಮಾಡಿ, ಜೀವ ಉಳಿಸಬಹುದು ಅಂತ ತೋರಿಸಿದ್ದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ. ಅಲ್ಲಿನ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ನಡುವೆ ನಡೆದ ಅಧ್ಯಯನ. ಹತ್ತನೇ ಕ್ಲಾಸು ಓದಿದ ಹೆಂಗಸರಿಗೆ ಕೆಲವೇ ವಾರ ತರಬೇತಿ ಕೊಟ್ಟು ನೋಡಲು ಕಲಿಸಿದ್ದರು. ಸಾವು ನೂರಕ್ಕೆ 31ರಷ್ಟು ಇಳಿಯಿತು ಅಂತ 2013ರಲ್ಲಿ ಪ್ರಕಟಿಸಿದಾಗ ಜಗತ್ತು ಚಪ್ಪಾಳೆ ತಟ್ಟಿತು. ಆದರೆ ಇಳಿಯಿತು ಅಂತ ಗೊತ್ತಾಗಬೇಕಾದರೆ ಇಳಿಯದ ಇನ್ನೊಂದು ಗುಂಪು ಬೇಕಲ್ಲ. ಅರ್ಧದಷ್ಟು ಹೆಂಗಸರಿಗೆ ತಿಳಿವಳಿಕೆ ಹೇಳಿದರೇ ಹೊರತು ಪರೀಕ್ಷೆ ಮಾಡಲಿಲ್ಲ. ಅದು ಸರಿಯೇ ಅಂತ ಆಮೇಲೆ ದೊಡ್ಡ ವಾಗ್ವಾದವಾಯಿತು. ಸರಿಯಲ್ಲ ಅಂತಲೇ ನನಗನ್ನಿಸುತ್ತದೆ. ಈಗ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಅಂತ ಇಟ್ಟಿರುವ ಪರೀಕ್ಷೆ ಇದೇ ವಿನೆಗರಿನದು.

ನನ್ನ ಬಿಳಿ ಮಚ್ಚೆಯಿಂದ ಜೀರಿಗೆಯಷ್ಟು ತುಣುಕು ತೆಗೆದರು. ಬಯಾಪ್ಸಿಯಲ್ಲಿ 'ಸಿಐಎನ್ ಒಂದು' ಅಂತ ಬಂತು. ಪದರದ ದಪ್ಪವನ್ನು ಮೂರು ಪಾಲು ಮಾಡಿದರೆ ಕೆಳಗಿನ ಒಂದು ಪಾಲಿನಲ್ಲಿ ಮಾತ್ರ ಬದಲಾವಣೆ. ಎರಡು, ಮೂರು ಅಂತಿದ್ದರೆ ಸಾಮಾನ್ಯವಾಗಿ ಆ ಜಾಗವನ್ನು ಸುಟ್ಟೋ ಕತ್ತರಿಸಿಯೋ ತೆಗೆಯುತ್ತಾರೆ. ಒಂದಕ್ಕೆ ಹೆಚ್ಚಿನ ಪಾಲು ಏನೂ ಮಾಡುವುದಿಲ್ಲ, ಬಹಳಷ್ಟು ಸಲ ತಾನೇ ಅಳಿಸಿಹೋಗುತ್ತದೆ. "ವರ್ಷ ಬಿಟ್ಟು ಬಾ" ಅಂದರು. ಮನೆಯಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ. ಇದ್ದರೆ ತೆಗೀಬೇಕು, ಇಲ್ಲದಿದ್ದರೆ ಕರೀಬಾರದು, ಇದೆಂಥಾ ಲೆಕ್ಕ ಅಂತ ನಮ್ಮತ್ತೆ.

ಆದರೆ 18 ತಲೆಯಲ್ಲಿ ಕೂತಿತ್ತು. ಮೇಲಿನ ಮನೆಗೆ ಬಾಡಿಗೆಗಿರುವ ಹುಡುಗಿ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದೊಳಗಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿದೆ. "ಆಂಟಿ, ನಾನು ದಿನಾ ನೋಡೋ ಕೋಶದಲ್ಲೇ 18 ಇದೆ" ಅಂದಳು.

ಆ ಕೋಶಗಳ ಮೂಲ ಹೆನ್ರಿಯೆಟ್ಟಾ ಲ್ಯಾಕ್ಸ್, ಅಮೆರಿಕದ ಕಪ್ಪು ಹೆಂಗಸು, ಐದು ಮಕ್ಕಳ ತಾಯಿ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಬಂದಾಗ ಗರ್ಭಕಂಠದ ಕ್ಯಾನ್ಸರು. ಅವಳನ್ನು ಕೇಳದೆಯೇ ಒಂದು ತುಣುಕು ಲ್ಯಾಬಿಗೆ ಹೋಯಿತು. ಅದೇ ಅಕ್ಟೋಬರಿನಲ್ಲಿ ಅವಳು ತೀರಿಕೊಂಡಳು, 31 ವಯಸ್ಸು. ಕೋಶಗಳು ಸಾಯಲಿಲ್ಲ. ಅವಳ ಹೆಸರು, ಮನೆತನದ ಹೆಸರುಗಳ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ ಸೇರಿಸಿ ಹೀಲಾ ಅಂತ ಕರೆದು, ಜಗತ್ತಿನ ಲ್ಯಾಬುಗಳೆಲ್ಲ ಇಂದಿಗೂ ಬೆಳೆಸುತ್ತಿವೆ. ಜರ್ಮನಿಯ ಹರಾಲ್ಡ್ ಜೂರ್ ಹೌಸೆನ್ ಈ ಕ್ಯಾನ್ಸರಿಗೆ ವೈರಸ್ಸೇ ಕಾರಣ ಅಂತ ಹಟ ಹಿಡಿದು, ಅವನ ತಂಡ 1983ರಲ್ಲಿ 16ನ್ನೂ ಮರುವರ್ಷ 18ನ್ನೂ ಹಿಡಿಯಿತು. ಆ 18 ಹೀಲಾ ಕೋಶಗಳೊಳಗೆ ಸಿಕ್ಕಿತು. 2008ರಲ್ಲಿ ಅವನಿಗೆ ನೊಬೆಲ್ ಬಂತು. ಇವತ್ತು ನನ್ನ ರಿಪೋರ್ಟಿನಲ್ಲಿ 18ಕ್ಕೆ ಪ್ರತ್ಯೇಕ ಸಾಲು ಇರುವುದು, ಹೆಣ್ಣುಮಕ್ಕಳಿಗೆ ಲಸಿಕೆ ಸಿಗುತ್ತಿರುವುದು, ಎಲ್ಲ ಆ ದಾರಿಯಲ್ಲೇ ಬಂದವು.

ಮೊನ್ನೆ ಭಾನುವಾರ ನಾದಿನಿಯ ಮನೆಗೆ ಹೊರಟಿದ್ದೆ. ಅದೇ ಬಸ್ಸಿಗೆ ಆ ಹುಡುಗಿಯೂ ಹತ್ತಿದಳು, ತಲೆ ಸರಿಯಾಗಿ ಬಾಚಿರಲಿಲ್ಲ.

"ಭಾನುವಾರಾನೂ ರಜ ಇಲ್ವೇನೇ?"

"ಸೆಲ್ಸ್‌ಗೆ ಊಟ ಹಾಕ್ಬೇಕು ಆಂಟಿ. ಎರಡು ಮೂರು ದಿನಕ್ಕೊಂದ್ಸಲ ಮೀಡಿಯ ಬದಲಾಯಿಸ್ದೆ ಇದ್ರೆ ಸತ್ತೋಗ್ತವೆ."

"ಅವಳವೇನಾ?"

"ಹೂಂ, ಅವಳವೇ."

ಜಕ್ಕೂರು ದಾಟಿತು. ಜಿಕೆವಿಕೆ ಸ್ಟಾಪಿನಲ್ಲಿ ಅವಳು ಇಳಿದು, ಗೇಟಿನೊಳಗೆ ಮರಗಳ ಕೆಳಗೆ ಬೇಗ ಬೇಗ ನಡೆದುಹೋದಳು. ನನ್ನ ಮುಂದಿನ ತಪಾಸಣೆ ಯುಗಾದಿ ಕಳೆದ ಮೇಲೆ.